ಕಲಬುರಗಿಯಲ್ಲಿ ಕೂತು ಸ್ಟ್ರೀಟ್ ಬಿಎಂಎಕ್ಸ್ ಕಟ್ಟುವುದು: ಅಳತೆ ಮೊದಲು, ಬಣ್ಣ ಆಮೇಲೆ

ಸೂಪರ್ ಮಾರ್ಕೆಟ್ ಕಡೆ ಸೈಕಲ್ ಅಂಗಡಿಗೆ ಹೋಗಿ "ಬಿಎಂಎಕ್ಸ್ ತೋರಿಸಿ" ಅಂದರೆ ಹ್ಯಾಂಡಲ್‌ಗೆ ಸ್ಪಂಜ್ ಸುತ್ತಿದ, ಬಣ್ಣ ಬಣ್ಣದ ಸ್ಟಿಕ್ಕರ್ ಹಚ್ಚಿದ ಹುಡುಗರ ಸೈಕಲ್ ತಂದು ನಿಲ್ಲಿಸುತ್ತಾರೆ. ತಪ್ಪು ಅವರದಲ್ಲ, ಇಲ್ಲಿ ಬಿಎಂಎಕ್ಸ್ ಅಂದರೆ ಅದೇ. ಆದರೆ ಆ ಸೈಕಲ್ ಮೇಲೆ ನಾಲ್ಕು ದಿನ ಫುಟ್‌ಪಾತ್ ಹಾರಿಸಿ ನೋಡಿ, ಮೊದಲು ಮುಂದಿನ ಗಾಲಿ ಹಿಡಿದಿರುವ ಫೋರ್ಕ್ ಬಾಗುತ್ತದೆ, ಆಮೇಲೆ ಹಿಂದಿನ ಗಾಲಿ ಎಂಟರ ಆಕಾರಕ್ಕೆ ಬರುತ್ತದೆ, ಕೊನೆಗೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್. ಸ್ಟ್ರೀಟ್ ಬಿಎಂಎಕ್ಸ್ ಬೇರೆಯೇ ವಸ್ತು. 20 ಇಂಚಿನ ಗಾಲಿ, ಒಂದೇ ಗೇರ್, ಶಾಕ್ ಅಬ್ಸಾರ್ಬರ್ ಇಲ್ಲ, ಸೀಟು ನೆಲಕ್ಕೆ ಹತ್ತಿರ. ಮೆಟ್ಟಿಲು, ಕಟ್ಟೆ, ಕಬ್ಬಿಣದ ರೇಲಿಂಗ್ ಮೇಲೆ ಬೀಳಲಿಕ್ಕೆ ಅಂತಲೇ ಮಾಡಿದ್ದು.

ಇದರ ಪಾರ್ಟ್ಸ್ ನಮಗೆ ಬೆಂಗಳೂರು, ಹೈದರಾಬಾದ್, ಇಲ್ಲಾ ಹೊರದೇಶದಿಂದ ಬರಬೇಕು. ಸೈಜ್ ತಪ್ಪಿದರೆ ವಾಪಸ್ ಕಳಿಸುವುದು ದೊಡ್ಡ ರಗಳೆ, ಎಷ್ಟೋ ಸಲ ಆಗುವುದೇ ಇಲ್ಲ. ಅದಕ್ಕೇ ಹೇಳುವುದು, ಯಾವ ಕಂಪನಿ, ಯಾವ ಬಣ್ಣ ಅಂತ ಗಂಟೆಗಟ್ಟಲೆ ಫೋನ್ ಒತ್ತುವ ಮೊದಲು ಒಂದು ಹಾಳೆ ತಗೊಂಡು ಅಳತೆಗಳನ್ನು ಬರೆದುಕೊಳ್ಳಿ. ಯಾವುದಕ್ಕೆ ಯಾವುದು ಕೂರುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಸೈಕಲ್ ಕಟ್ಟಿದ ಹಾಗೆಯೇ.

ಮೊದಲು ದುಡ್ಡಿನ ಮಾತು

ಎಲ್ಲವೂ ಹೊಸದೇ ಬೇಕು, ಎಲ್ಲವೂ ಹೆಸರಾಂತ ಕಂಪನಿಯದೇ ಬೇಕು ಅಂತ ಬಿಡಿಬಿಡಿಯಾಗಿ ತರಿಸಲಿಕ್ಕೆ ಹೊರಟರೆ, ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಒಂದು ಲಕ್ಷ ದಾಟುವುದು ಏನೂ ಕಷ್ಟವಲ್ಲ. ಆಗುವವರು ಮಾಡಲಿ. ಉಳಿದವರಿಗೆ ನನ್ನ ಸಲಹೆ ಬೇರೆ: ಒಂದು ಒಳ್ಳೆಯ ಹಳೆ ಕಂಪ್ಲೀಟ್ ಸೈಕಲ್ ಹುಡುಕಿ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಯಾರಾದರೂ ಓದು ಮುಗಿಸಿ, ಕೆಲಸಕ್ಕೆ ಸೇರಿ, ಓಡಿಸುವುದು ಬಿಟ್ಟು ಮಾರುತ್ತಲೇ ಇರುತ್ತಾರೆ. ಅದನ್ನು ತಂದು ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋಗಿ. ಎರಡು ವರ್ಷದಲ್ಲಿ ಅದು ಪೂರ್ತಿ ನಿಮ್ಮದೇ ಸೈಕಲ್ ಆಗಿರುತ್ತದೆ, ಅಷ್ಟರಲ್ಲಿ ನಿಮಗೆ ನಿಜವಾಗಿ ಏನು ಬೇಕು ಅಂತಲೂ ಗೊತ್ತಾಗಿರುತ್ತದೆ.

ದುಡ್ಡು ಹಾಕಬೇಕಾದ ಜಾಗ ನಾಲ್ಕು: ಫ್ರೇಮ್, ಫೋರ್ಕ್, ಕ್ರ್ಯಾಂಕ್, ಹಿಂದಿನ ಗಾಲಿ. ಇವು ಮುರಿದರೆ ಹಲ್ಲು ಹೋಗುತ್ತದೆ. ಸೀಟು, ಗ್ರಿಪ್, ಪೆಡಲ್ ಇವಕ್ಕೆ ಸಾಧಾರಣದ್ದು ಸಾಕು. ಪೆಡಲ್ ಅಂತೂ ಪ್ಲಾಸ್ಟಿಕ್‌ದೇ ಒಳ್ಳೆಯದು, ಮೊಣಕಾಲ ಕೆಳಗಿನ ಮೂಳೆಗೆ ಬಡಿದಾಗ ಅಲ್ಯೂಮಿನಿಯಂ ಪಿನ್ ಮಾಡುವ ಗಾಯ ನೋಡಿದವರು ಮತ್ತೆ ಲೋಹದ ಪೆಡಲ್ ಕೇಳುವುದಿಲ್ಲ.

ಹಳೆಯದನ್ನು ನೋಡಲು ಹೋದಾಗ ಸೈಕಲ್ ತಿರುವಿ ಹಾಕಿ. ಹೆಡ್ ಟ್ಯೂಬ್‌ಗೆ (ಫ್ರೇಮಿನ ಮುಂದೆ ಫೋರ್ಕ್ ತೂರುವ ಕೊಳವೆ) ಕೆಳಗಿನ ಟ್ಯೂಬ್ ಸೇರುವ ಜಾಗದ ಬೆಸುಗೆ ನೋಡಿ, ಅಲ್ಲಿ ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಉಗುರು ಹಾಕಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಬಿರುಕು, ಬಿಟ್ಟು ಬನ್ನಿ. ಟ್ಯೂಬ್ ಕೆಳಭಾಗದಲ್ಲಿ ಬಣ್ಣ ಅಲೆ ಅಲೆಯಾಗಿ ಉಬ್ಬಿದ್ದರೂ ಅಷ್ಟೇ, ಅದು ಎಲ್ಲೋ ಮುಂದೆ ಗುದ್ದಿದ ಸೈಕಲ್. ಹಿಂದಿನ ಡ್ರಾಪೌಟ್ (ಗಾಲಿಯ ಆಕ್ಸಲ್ ಕೂರುವ ಸೀಳು) ಎರಡೂ ಸಮ ಇದೆಯಾ, ಕ್ರ್ಯಾಂಕ್ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತಾ ನೋಡಿ. "ಸ್ವಲ್ಪ ವೆಲ್ಡಿಂಗ್ ಮಾಡಿಸಿದರೆ ಸರಿ ಹೋಗುತ್ತೆ" ಅನ್ನುವ ಮಾತು ನಂಬಬೇಡಿ. ಈ ಟ್ಯೂಬ್‌ಗಳ ದಪ್ಪ ಎಷ್ಟೋ ಕಡೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಗೇಟು ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್ ಅದನ್ನು ಸುಟ್ಟು ತೂತು ಮಾಡುತ್ತದೆ, ಇಲ್ಲವೇ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ.

ಫ್ರೇಮ್

4130 ಕ್ರೋಮೋಲಿ ಅನ್ನುವ ಮಾತು ಎಲ್ಲೆಡೆ ಕಾಣುತ್ತದೆ. 41 ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು, 30 ಅಂದರೆ ಸುಮಾರು 0.30 ಶೇಕಡಾ ಕಾರ್ಬನ್. ಅಗ್ಗದ ಸೈಕಲ್‌ಗಳ ಸಾದಾ ಹೈಟೆನ್ ಉಕ್ಕಿಗಿಂತ ಗಟ್ಟಿ, ಹಾಗಾಗಿ ತೆಳ್ಳಗೆ ಎಳೆದರೂ ತಡೆಯುತ್ತದೆ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಬರೀ ಕೆಳಗಿನ ಟ್ಯೂಬ್ ಕ್ರೋಮೋಲಿ ಇದ್ದು ಉಳಿದದ್ದು ಹೈಟೆನ್ ಇರುತ್ತದೆ, ಸ್ಟಿಕ್ಕರ್ ಮಾತ್ರ ದೊಡ್ಡದಾಗಿ "ಕ್ರೋಮೋಲಿ" ಅಂತಲೇ ಕೂಗುತ್ತದೆ. ಪೂರ್ತಿ ಕ್ರೋಮೋಲಿನಾ ಅಂತ ಕೇಳಿ.

ಸೈಜ್ ನೋಡುವುದು ಮೇಲಿನ ಟ್ಯೂಬಿನ ಉದ್ದದಿಂದ. ಐದಡಿ ನಾಲ್ಕಿಂಚಿನವರೆಗೆ 20.25 ಇಂಚಿನ ಆಸುಪಾಸು, ಐದಡಿ ಎಂಟರವರೆಗೆ 20.5ರಿಂದ 20.75, ಆರಡಿ ಹತ್ತಿರ ಇರುವವರಿಗೆ 21, ಅದಕ್ಕೂ ಉದ್ದ ಇದ್ದರೆ 21.25 ನೋಡಬಹುದು. ಇದು ಕಲ್ಲಿನ ಮೇಲೆ ಬರೆದ ಲೆಕ್ಕವಲ್ಲ. ಸ್ಪಿನ್ ಜಾಸ್ತಿ ಮಾಡುವವರು ಸ್ವಲ್ಪ ಗಿಡ್ಡ ಫ್ರೇಮ್ ಇಷ್ಟಪಡುತ್ತಾರೆ. ಇನ್ನೆರಡು ಅಂಕಿ ನೋಡಿ: ಹೆಡ್ ಟ್ಯೂಬಿನ ಕೋನ 75ರಿಂದ 75.5 ಡಿಗ್ರಿ ಇದ್ದರೆ ಮುಂದಿನ ಗಾಲಿ ಮೇಲಿನ ಆಟ ಸುಲಭ. ಚೈನ್‌ಸ್ಟೇ, ಅಂದರೆ ಕ್ರ್ಯಾಂಕಿನಿಂದ ಹಿಂದಿನ ಆಕ್ಸಲ್‌ವರೆಗಿನ ಉದ್ದ, 13 ಇಂಚಿನ ಸುತ್ತಮುತ್ತ ಇದ್ದರೆ ಸೈಕಲ್ ಎತ್ತಲು, ಮ್ಯಾನುವಲ್ ಹಿಡಿಯಲು (ಪೆಡಲ್ ತುಳಿಯದೆ ಹಿಂದಿನ ಗಾಲಿ ಮೇಲೆ ಉರುಳಲು) ಹಗುರ. ತೀರಾ ಗಿಡ್ಡ ಚೈನ್‌ಸ್ಟೇ ಹೊಸಬರನ್ನು ಬೆನ್ನ ಮೇಲೆ ಕೆಡವುತ್ತದೆ, ನೆನಪಿರಲಿ.

ಫ್ರೇಮ್ ಬಂದ ಮೇಲೆ ಹಾಳೆಯಲ್ಲಿ ಬರೆದುಕೊಳ್ಳಬೇಕಾದದ್ದು ಇಷ್ಟು. ಬಿಬಿ (ಕ್ರ್ಯಾಂಕಿನ ಬೇರಿಂಗ್ ಕೂರುವ ಜಾಗ, ಕೆಳಗೆ ಹೇಳುತ್ತೇನೆ) ಯಾವ ಜಾತಿ, ಹಿಂದಿನ ಆಕ್ಸಲ್ 14 ಮಿ.ಮೀ. ಹೌದಾ, ಹಿಂದಿನ ಅಗಲ 110 ಮಿ.ಮೀ. ಹೌದಾ, ಸೀಟ್ ಪೋಸ್ಟ್ 25.4 ಹೌದಾ, ಟೈರ್ ಎಷ್ಟು ಅಗಲದ್ದು ಹಿಡಿಸುತ್ತದೆ. ಇತ್ತೀಚಿನ ಫ್ರೇಮ್‌ಗಳಲ್ಲಿ ಇವು ಹೆಚ್ಚುಕಮ್ಮಿ ಹೀಗೇ ಇರುತ್ತವೆ, ಹಳೆಯದಾದರೆ ಪಟ್ಟಿ ಹಿಡಿದು ಅಳೆಯಿರಿ.

ತಲೆ ತಿನ್ನುವುದು ಬಿಬಿ

ಕ್ರ್ಯಾಂಕ್ ತಿರುಗುವ ಬೇರಿಂಗ್ ಕೂರುವ ಜಾಗವೇ ಬಾಟಮ್ ಬ್ರ್ಯಾಕೆಟ್, ಬಿಬಿ. ಇದರಲ್ಲಿ ನಾಲ್ಕು ಜಾತಿ. ಥ್ರೆಡ್ ಇದ್ದರೆ ಯೂರೋ. ಥ್ರೆಡ್ ಇಲ್ಲದೆ ಒಳವ್ಯಾಸ 37 ಮಿ.ಮೀ. ಸುಮಾರು ಇದ್ದರೆ ಸ್ಪ್ಯಾನಿಷ್, 41 ಸುಮಾರು ಇದ್ದರೆ ಮಿಡ್, 51 ಇದ್ದರೆ ಅಮೆರಿಕನ್. ಈಗಿನ ಒಳ್ಳೆಯ ಫ್ರೇಮ್‌ಗಳಲ್ಲಿ ಬಹುತೇಕ ಮಿಡ್. ವರ್ನಿಯರ್ ಹಿಡಿದು ನೋಡಿಬಿಡಿ, ನಿಮ್ಮ ಹತ್ತಿರ ಇಲ್ಲದಿದ್ದರೆ ಯಾವುದೇ ಲೇಥ್ ಅಂಗಡಿಯಲ್ಲಿ ಇರುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ಬೇರಿಂಗಿನ ಹೊರ ಅಳತೆ ಫ್ರೇಮಿಗೆ ಹೊಂದಬೇಕು, ಒಳ ಅಳತೆ ಕ್ರ್ಯಾಂಕಿನ ಎರಡು ತೋಳು ಸೇರಿಸುವ ಸರಳಿಗೆ, ಅಂದರೆ ಸ್ಪಿಂಡಲ್‌ಗೆ ಹೊಂದಬೇಕು. ಸ್ಪಿಂಡಲ್ 19, 22, 24 ಮಿ.ಮೀ. ಹೀಗೆ ಬರುತ್ತದೆ. ಮಿಡ್ ಬಿಬಿ ಅಂತ ಮಾತ್ರ ಹೇಳಿ ಆರ್ಡರ್ ಹಾಕಿದರೆ 19ರದ್ದು ಬಂದು ನಿಮ್ಮ 22ರ ಸ್ಪಿಂಡಲ್ ಒಳಗೇ ಹೋಗುವುದಿಲ್ಲ. ನಮ್ಮ ಮಾಮೂಲಿ ಸೈಕಲ್‌ಗಳ ಕಾಟರ್ ಪಿನ್ ಕ್ರ್ಯಾಂಕ್‌ಗೂ ಇದಕ್ಕೂ ಏನೂ ಸಂಬಂಧವಿಲ್ಲ. ಇಲ್ಲಿ ಬೇಕಾದದ್ದು ಮೂರು ತುಂಡಿನ ಕ್ರೋಮೋಲಿ ಕ್ರ್ಯಾಂಕ್: ಎರಡು ತೋಳು, ನಡುವೆ ಗೀರು ಗೀರಾದ ಸ್ಪಿಂಡಲ್. ತೋಳಿನ ಉದ್ದ 170 ಅಥವಾ 175 ಮಿ.ಮೀ., ನೀವು ಕುಳ್ಳಗಿದ್ದರೆ 165. ಒಂದೇ ಸರಳು ಬಗ್ಗಿಸಿ ಮಾಡಿದ ಕ್ರ್ಯಾಂಕ್ ಇದ್ದ ಸೈಕಲ್ ಸಿಕ್ಕಿದರೆ ಗೊತ್ತಾಗಲಿ, ಅದರ ಪೆಡಲ್ ಥ್ರೆಡ್ ಅರ್ಧ ಇಂಚು, ಮೂರು ತುಂಡಿನದ್ದು 9/16 ಇಂಚು. ಪೆಡಲ್ ಕೂಡ ಬದಲಾಗುತ್ತದೆ.

ಬೇರಿಂಗ್ ಕೂರಿಸುವುದಕ್ಕೆ ಸುತ್ತಿಗೆ ಮುಟ್ಟಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದದ ಥ್ರೆಡ್ ರಾಡ್, ಎರಡು ನಟ್, ನಾಲ್ಕು ದಪ್ಪ ವಾಶರ್ ತಗೊಳ್ಳಿ. ವಾಶರ್ ಬೇರಿಂಗಿನ ಹೊರ ಉಂಗುರವನ್ನೇ ಒತ್ತಬೇಕು, ಒಳ ಉಂಗುರ ಒತ್ತಿದರೆ ಒಳಗಿನ ಗೋಲಿಗಳು ಗಾಲಿ ಓಡುವ ಮುಂಚೆಯೇ ಹಾಳು. ಬೇರಿಂಗ್ ಅರ್ಧ ದಿನ ಫ್ರಿಜ್‌ನಲ್ಲಿಡಿ, ಫ್ರೇಮಿನ ಒಳಗೆ ಗ್ರೀಸ್ ಹಚ್ಚಿ, ಎರಡೂ ಕಡೆ ಪಾನಾ ಹಿಡಿದು ನಿಧಾನ ಬಿಗಿ ಮಾಡಿ. ಓರೆಯಾಗಿ ಹೋಗುತ್ತಿದೆ ಅನ್ನಿಸಿದರೆ ನಿಲ್ಲಿಸಿ, ಹಿಂದೆ ತಗೊಂಡು ಮತ್ತೆ ಶುರು ಮಾಡಿ. ಎರಡನೇ ಬೇರಿಂಗ್ ಒತ್ತುವ ಮೊದಲು ನಡುವಿನ ಕೊಳವೆ ಒಳಗೆ ಇಟ್ಟಿದ್ದೀರಾ ನೋಡಿ. ಸ್ಪಿಂಡಲ್ ಗೀರುಗಳಿಗೆ ಗ್ರೀಸ್ ಹಚ್ಚದೆ ತೋಳು ಹಾಕಬೇಡಿ, ಇಲ್ಲದಿದ್ದರೆ ಆಮೇಲೆ ಓಡಿಸಿದಾಗೆಲ್ಲ ಕಿರುಗುಟ್ಟುತ್ತಲೇ ಇರುತ್ತದೆ.

ಗಾಲಿ ಕಟ್ಟುವುದು

ಇದೇ ಇಡೀ ಕೆಲಸದಲ್ಲಿ ಖುಷಿ ಕೊಡುವ ಭಾಗ. ಇದಕ್ಕೆ ಊರಲ್ಲೇ ಗುರುಗಳಿದ್ದಾರೆ. ಗಂಜ್ ಕಡೆಯೋ, ನಿಮ್ಮ ಓಣಿಯ ತುದಿಯಲ್ಲೋ ಹಳೆ ಸೈಕಲ್ ಮಿಸ್ತ್ರಿ ಒಬ್ಬರಾದರೂ ಇರುತ್ತಾರೆ. ಬಿಎಂಎಕ್ಸ್ ಹೆಸರು ಕೇಳಿರದಿದ್ದರೂ ಪರವಾಗಿಲ್ಲ, ಗಾಲಿಯ ಔಟ್, ಅಂದರೆ ಸೊಟ್ಟ, ತೆಗೆಯುವುದರಲ್ಲಿ ಅವರ ಕೈ ಪಳಗಿರುತ್ತದೆ. ಒಂದೇ ವಿಷಯ ಮೊದಲೇ ಹೇಳಿ: ಹಳೆ ಕರಿ ಸೈಕಲ್‌ಗೆ ಮುಂದೆ 32, ಹಿಂದೆ 40 ಕಡ್ಡಿ ಇರುತ್ತವೆ, ಅವರ ಕೈ ಆ ಲೆಕ್ಕಕ್ಕೇ ಓಡುತ್ತದೆ. ನಮ್ಮದು ಎರಡೂ 36.

ರಿಮ್ ಡಬಲ್ ವಾಲ್ ಇರಲಿ. ಕಡ್ಡಿ ಸ್ಟೇನ್‌ಲೆಸ್, 14 ಗೇಜ್, ಅಂದರೆ 2 ಮಿ.ಮೀ. ಕಡ್ಡಿಯ ಉದ್ದವನ್ನು ಅಂದಾಜಿನ ಮೇಲೆ ತರಿಸಬೇಡಿ. ರಿಮ್ಮಿನ ಒಳ ಅಳತೆ ಮತ್ತು ಹಬ್ಬಿನ (ಗಾಲಿಯ ನಡುವಿನ ಗುಂಬ) ಅಂಚಿನ ಅಳತೆ ಎರಡನ್ನೂ ಮಾರುವವರಿಂದ ಕೇಳಿಕೊಂಡು ಲೆಕ್ಕ ಹಾಕಿಯೇ ತರಿಸಿ, ನಾಲ್ಕೈದು ಜಾಸ್ತಿ ತರಿಸಿಟ್ಟುಕೊಳ್ಳಿ.

36 ಅಂದರೆ ಒಂಬತ್ತೊಂಬತ್ತರ ನಾಲ್ಕು ಕಂತು. ಹಬ್ಬಿನ ಒಂದು ಬದಿಯಲ್ಲಿ 18 ತೂತು. ಒಂದು ಬಿಟ್ಟು ಒಂದರಂತೆ ಒಂಬತ್ತು ಕಡ್ಡಿ ಇಳಿಸಿ. ರಿಮ್ಮಿನಲ್ಲಿ ವಾಲ್ವ್ ತೂತಿನ ಪಕ್ಕದ್ದರಿಂದ ಶುರು ಮಾಡಿ, ಪ್ರತಿ ನಾಲ್ಕನೇ ತೂತಿಗೆ ಒಂದೊಂದು. ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಹಿಡಿಸುವ ಪುಟ್ಟ ನಟ್) ಎರಡು ಸುತ್ತು ಮಾತ್ರ, ಬಿಗಿ ಬೇಡ. ಗಾಲಿ ತಿರುವಿ ಹಾಕಿ ಇನ್ನೊಂದು ಬದಿಗೆ ಒಂಬತ್ತು, ರಿಮ್ಮಿನಲ್ಲಿ ಮೊದಲ ಕಡ್ಡಿಗಳ ಪಕ್ಕ ಪಕ್ಕಕ್ಕೆ. ಈಗ ಹಬ್ ಹಿಡಿದು ತಿರುಚಿ, ಹದಿನೆಂಟೂ ಕಡ್ಡಿ ಒಂದೇ ದಿಕ್ಕಿಗೆ ವಾಲುತ್ತವೆ. ಉಳಿದ ಹದಿನೆಂಟು ಎದುರು ದಿಕ್ಕಿಗೆ ಹೋಗಬೇಕು, ಪ್ರತಿಯೊಂದೂ ಮೂರು ಕಡ್ಡಿ ದಾಟಬೇಕು, ಎರಡರ ಮೇಲಿಂದ, ಮೂರನೆಯದರ ಕೆಳಗಿಂದ. ಎಲ್ಲ ಮುಗಿದ ಮೇಲೆ ವಾಲ್ವ್ ತೂತಿನ ಎರಡೂ ಪಕ್ಕದ ಕಡ್ಡಿಗಳು ಒಂದಕ್ಕೊಂದು ಸಮಾನಾಂತರವಾಗಿ ನಿಂತು ಪಂಪಿನ ಮೂತಿಗೆ ಜಾಗ ಬಿಟ್ಟಿದ್ದರೆ ಸರಿಯಾಗಿ ಕಟ್ಟಿದ್ದೀರಿ. ಕಡ್ಡಿಗಳು ಅಲ್ಲೇ ಕತ್ತರಿ ಹಾಕಿ ನಿಂತಿದ್ದರೆ ಒಂದು ತೂತು ತಪ್ಪಿದೆ, ಬಿಚ್ಚಿ.

ಆಮೇಲೆ ಬಿಗಿ. ಎಲ್ಲ ನಿಪ್ಪಲ್‌ಗಳನ್ನೂ ಥ್ರೆಡ್ ಮುಚ್ಚುವಷ್ಟು ತಂದು, ಅಲ್ಲಿಂದ ಅರ್ಧ ಸುತ್ತು, ಮತ್ತೆ ಅರ್ಧ, ಕೊನೆಗೆ ಕಾಲು ಸುತ್ತಿನ ಲೆಕ್ಕ. ಫೋರ್ಕ್ ತಲೆಕೆಳಗು ನಿಲ್ಲಿಸಿ ಗಾಲಿ ಹಾಕಿ, ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ತಿರುಗಿಸಿದರೆ ಗಾಲಿ ಯಾವ ಕಡೆ ಹೊರಳುತ್ತದೋ ಅಲ್ಲಿ ಬಿಳಿ ಗುರುತು ಬೀಳುತ್ತದೆ. ಆ ಜಾಗದಲ್ಲಿ ಎದುರು ಬದಿಯ ಕಡ್ಡಿಗಳನ್ನು ಸ್ವಲ್ಪ ಬಿಗಿ ಮಾಡಿ, ಅದೇ ಬದಿಯದನ್ನು ಅಷ್ಟೇ ಸಡಿಲ ಮಾಡಿ. ನಡುನಡುವೆ ಜೋಡಿ ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಜೋರಾಗಿ ಹಿಚುಕಿ, ಟಿಣ್ ಟಿಣ್ ಅಂತ ಸದ್ದು ಮಾಡುತ್ತಾ ತಮ್ಮ ಜಾಗಕ್ಕೆ ಕೂರುತ್ತವೆ. ಈ ಕೆಲಸ ಬಿಟ್ಟರೆ ಮೊದಲ ಜಿಗಿತಕ್ಕೇ ಔಟ್ ಬರುತ್ತದೆ. ಮಿಸ್ತ್ರಿ ಪಕ್ಕದಲ್ಲಿ ಕೂತು ನೀವೇ ಮಾಡಿ, ಚಹಾ ನಿಮ್ಮ ಕಡೆಯಿಂದ ಇರಲಿ. ಮುಂದೆ ಗಾಲಿ ಸೊಟ್ಟಗಾದಾಗೆಲ್ಲ ಓಡಿ ಹೋಗುವುದು ತಪ್ಪುತ್ತದೆ.

ಹಿಂದಿನ ಹಬ್ ಕ್ಯಾಸೆಟ್ ಬೇಕಾ, ಫ್ರೀಕೋಸ್ಟರ್ ಬೇಕಾ ಅನ್ನುವ ವಾದ ಮುಗಿಯುವಂಥದ್ದಲ್ಲ. ಫ್ರೀಕೋಸ್ಟರ್‌ನಲ್ಲಿ ಸೈಕಲ್ ಹಿಂದಕ್ಕೆ ಉರುಳುವಾಗ ಪೆಡಲ್ ತಿರುಗುವುದಿಲ್ಲ, ಆ ಆಟ ಆಡುವವರಿಗೆ ಅದು ವರ. ಆದರೆ ಪೆಡಲ್ ಒತ್ತಿದ ತಕ್ಷಣ ಹಿಡಿಯುವುದಿಲ್ಲ, ಸ್ವಲ್ಪ ಖಾಲಿ ತಿರುಗಿ ಆಮೇಲೆ ಹಿಡಿಯುತ್ತದೆ, ಬಿಚ್ಚಿ ತೊಳೆಯುವ ಕೆಲಸವೂ ಜಾಸ್ತಿ. ಮೊದಲ ಸೈಕಲ್‌ಗೆ ಕ್ಯಾಸೆಟ್ಟೇ ಇರಲಿ ಅನ್ನುತ್ತೇನೆ ನಾನು. ನಮ್ಮ ಎರೆ ಮಣ್ಣಿನ ಧೂಳು, ಸೇಡಂ ವಾಡಿ ಕಡೆಯವರಿಗೆ ಸಿಮೆಂಟ್ ಧೂಳು ಬೇರೆ, ಹಬ್ಬಿನೊಳಗೆ ಹೇಗೋ ನುಸುಳುತ್ತದೆ. ಕ್ಯಾಸೆಟ್ ಬಿಚ್ಚಿ ಒರೆಸಿ ತೆಳು ಎಣ್ಣೆ ಹಾಕಿ ಮುಚ್ಚುವುದು ಅರ್ಧ ಗಂಟೆಯ ಕೆಲಸ. ಹಬ್ಬಿನೊಳಗೆ ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಕ್ಕೆಗಳಾದ ಕುಟ್ಟೆಗಳಿಗೆ ದಪ್ಪ ಗ್ರೀಸ್ ಮೆತ್ತಬೇಡಿ, ಅಂಟಿಕೊಂಡರೆ ಪೆಡಲ್ ಜಾರಿ ಹ್ಯಾಂಡಲ್‌ಗೆ ಎದೆ ಗುದ್ದುತ್ತದೆ.

ಟೈರ್ ವಿಷಯದಲ್ಲಿ ಒಂದು ಎಚ್ಚರಿಕೆ. 20 ಇಂಚು ಅಂದರೆ ಎಲ್ಲ ಒಂದೇ ಅಲ್ಲ. 20 x 2.125, 20 x 2.4 ಹೀಗೆ ದಶಾಂಶದಲ್ಲಿ ಬರೆದದ್ದು 406ರ (ಟೈರ್ ಕೂರುವ ಜಾಗದ ವ್ಯಾಸ, ಮಿ.ಮೀ.ನಲ್ಲಿ) ರಿಮ್ಮಿಗೆ ಕೂರುತ್ತದೆ, ನಮ್ಮದು ಅದೇ. 20 x 1 3/8 ಅಂತ ಭಿನ್ನರಾಶಿಯಲ್ಲಿ ಬರೆದದ್ದು 451ರ ರಿಮ್ಮಿಗೆ, ಅದು ದೊಡ್ಡದು, ಯಾವ ದೇವರು ಬಂದರೂ ಕೂರುವುದಿಲ್ಲ. ಅರ್ಜೆಂಟಿಗೆ ಊರಿನ ಅಂಗಡಿಯ 20 x 2.125 ಟೈರ್ ಹಾಕಿ ಓಡಿಸಬಹುದು, ಆದರೆ ಸ್ಟ್ರೀಟ್‌ಗೆ 2.35, 2.4 ಅಗಲದ, ಹೆಚ್ಚು ಗಾಳಿ ತಡೆಯುವ ಟೈರೇ ಬೇಕು. ಗಾಳಿ 60ರಿಂದ 80 ಪಿಎಸ್ಐ ನಡುವೆ ನಿಮ್ಮ ತೂಕ ನೋಡಿ ಇಟ್ಟುಕೊಳ್ಳಿ. ಟೈರ್ ಪಕ್ಕದಲ್ಲಿ ಬರೆದ ಮಿತಿ ದಾಟಬೇಡಿ.

ಈ ಟ್ಯೂಬ್‌ಗಳ ವಾಲ್ವ್ ಮೋಟಾರ್ ಸೈಕಲ್‌ದರ ಥರ ಇರುತ್ತದೆ, ಹಳೆ ಸೈಕಲ್‌ನ ರಬ್ಬರ್ ವಾಲ್‌ಟ್ಯೂಬ್ ಥರ ಅಲ್ಲ. ಹಾಗಾಗಿ ಬೈಕ್ ಪಂಚರ್ ಅಂಗಡಿ, ಪೆಟ್ರೋಲ್ ಬಂಕ್ ಎಲ್ಲೆಡೆ ಗಾಳಿ ಸಿಗುತ್ತದೆ. ಬಂಕ್‌ನಲ್ಲಿ ಹುಷಾರು, ಇಷ್ಟು ಚಿಕ್ಕ ಟ್ಯೂಬ್ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ತುಂಬಿ ಢಂ ಅನ್ನುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲಲ್ಲಿ ಗಟ್ಟಿ ಗಾಳಿ ತುಂಬಿದ ಸೈಕಲ್ ಹೊರಗೆ ನಿಲ್ಲಿಸುವುದು ಬೇಡ. ಜಾಲಿ ಮುಳ್ಳಿನ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಟೈರ್ ಒಳಗೆ ಲೈನರ್ ಪಟ್ಟಿ ಹಾಕಿಕೊಳ್ಳಿ, ಒಂದು ಟ್ಯೂಬ್ ಬ್ಯಾಗಿನಲ್ಲಿರಲಿ.

ಹಲ್ಲು, ಚೈನ್

ಮುಂದೆ 25 ಹಲ್ಲು, ಹಿಂದೆ 9. ಅನುಪಾತ 2.78. ಒಂದು ಸಲ ಪೆಡಲ್ ಪೂರ್ತಿ ತಿರುಗಿದರೆ ನಾಲ್ಕು ಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತೀರಿ. ಹಿಂದಿನ ಕಾಲದ 44ಕ್ಕೆ 16 ಕೂಡ ಹೆಚ್ಚುಕಮ್ಮಿ ಇದೇ ಲೆಕ್ಕ (2.75), ಆದರೆ ಆ ದೊಡ್ಡ ಚಕ್ರ ಕಟ್ಟೆಗೆ ತಾಗಿ ಹಲ್ಲು ಮುರಿಸಿಕೊಳ್ಳುತ್ತಿತ್ತು. ಚಿಕ್ಕದು ನೆಲದಿಂದ ಎತ್ತರ ಉಳಿಯುತ್ತದೆ. ಹೊರಗೆ ಗಾರ್ಡ್ ಇರುವ ಸ್ಪ್ರಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು.

ಚೈನಿನ ಅಗಲ 1/8 ಇಂಚು. ಊರಿನ ಮಾಮೂಲಿ ಸೈಕಲ್ ಚೈನ್ ಅಳತೆಗೆ ಹೊಂದುತ್ತದೆ, ತಾಳಿಕೆಗೆ ಹೊಂದುವುದಿಲ್ಲ. ಚೈನ್ ಕಡಿದರೆ ಬೀಳುವುದು ನೀವು, ಅದಕ್ಕೆ ಇಲ್ಲಿ ಜುಗ್ಗತನ ಬೇಡ. ಹಾಫ್ ಲಿಂಕ್, ಅಂದರೆ ಅರ್ಧ ಕೊಂಡಿ, ಹಾಕಿಕೊಂಡರೆ ಹಿಂದಿನ ಗಾಲಿಯನ್ನು ಬೇಕಾದ ಜಾಗಕ್ಕೆ ನಿಲ್ಲಿಸಬಹುದು. ನಡುವೆ ಬೆರಳಿಂದ ಎತ್ತಿದರೆ ಅರ್ಧ ಇಂಚು ಆಡಬೇಕು. ಕ್ರ್ಯಾಂಕ್ ನಿಧಾನ ಒಂದು ಸುತ್ತು ತಿರುಗಿಸಿ ನೋಡಿ, ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಇದ್ದರೆ ಬಿಗಿ ಇರುವ ಜಾಗಕ್ಕೆ ಲೆಕ್ಕ ಹಾಕಿ.

ಚೈನ್ ಬಲಕ್ಕಾ ಎಡಕ್ಕಾ ಅನ್ನುವುದನ್ನು ಹಬ್ ತರಿಸುವ ಮೊದಲೇ ತೀರ್ಮಾನಿಸಿ. ನೀವು ಯಾವ ಬದಿಯಲ್ಲಿ ಗ್ರೈಂಡ್ ಮಾಡುತ್ತೀರೋ (ಕಟ್ಟೆ, ರೇಲಿಂಗ್ ಮೇಲೆ ಜಾರುತ್ತೀರೋ) ಅದರ ಎದುರು ಬದಿಗೆ ಚೈನ್ ಇರಬೇಕು.

ಹ್ಯಾಂಡಲ್ ಕಡೆ

ಫೋರ್ಕ್ ಕೊಳವೆ 1 1/8 ಇಂಚು, ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್ ಜೋಡಿ) ಇಂಟಿಗ್ರೇಟೆಡ್. ಇದರ ಬೇರಿಂಗ್ ಕೈಯಲ್ಲೇ ಕೂರುತ್ತದೆ, ಒತ್ತುವ ತಾಪತ್ರಯ ಇಲ್ಲ. ಗ್ರೀಸ್ ಹಚ್ಚಿ ಕೆಳಗಿನ ಬೇರಿಂಗ್, ಫೋರ್ಕ್, ಮೇಲಿನ ಬೇರಿಂಗ್, ಒತ್ತುವ ಉಂಗುರ, ಮುಚ್ಚಳ, ಸ್ಪೇಸರ್ ಉಂಗುರ, ಕೊನೆಗೆ ಹ್ಯಾಂಡಲ್ ಹಿಡಿಯುವ ಸ್ಟೆಮ್. ಫೋರ್ಕ್ ಕೊಳವೆ ಸ್ಟೆಮ್ಮಿನ ಮೇಲಂಚಿಗಿಂತ ಮೂರು ಮಿಲಿಮೀಟರ್ ಕೆಳಗೆ ನಿಲ್ಲಬೇಕು. ಜಾಸ್ತಿ ಇದ್ದರೆ ಹ್ಯಾಕ್ಸಾದಿಂದ ಕತ್ತರಿಸಬಹುದು, ಆದರೆ ಕೆಲವು ಫೋರ್ಕ್‌ಗಳ ಒಳಗೆ ಮೇಲಿಂದ ಸ್ವಲ್ಪ ಉದ್ದಕ್ಕೆ ಮಾತ್ರ ಥ್ರೆಡ್ ಇರುತ್ತದೆ. ಕತ್ತರಿಸಿದ ಮೇಲೆ ಥ್ರೆಡ್ ಉಳಿಯುತ್ತಾ ಅಂತ ನೋಡಿ ಗರಗಸ ಎತ್ತಿ. ಸಾಧ್ಯವಾದರೆ ಸ್ಪೇಸರ್ ಇಟ್ಟೇ ಓಡಿಸಿ.

ಬಿಗಿ ಮಾಡುವ ಕ್ರಮ ಮುಖ್ಯ. ಮೊದಲು ಮೇಲಿನ ಬೋಲ್ಟ್, ಆಮೇಲೆ ಸ್ಟೆಮ್ ಬೋಲ್ಟ್‌ಗಳು. ಮೇಲಿನ ಬೋಲ್ಟ್ ಆಟ ಹೋಗುವಷ್ಟು ಮಾತ್ರ. ಹೆಡ್‌ಸೆಟ್ ಸಂದಿಗೆ ಬೆರಳಿಟ್ಟು ಸೈಕಲ್ ಹಿಂದೆ ಮುಂದೆ ಆಡಿಸಿ, ಟಕ್ ಅನ್ನಬಾರದು. ಮುಂದಿನ ಗಾಲಿ ಎತ್ತಿದರೆ ಹ್ಯಾಂಡಲ್ ತಾನಾಗಿ ಒಂದು ಕಡೆ ವಾಲಬೇಕು.

ಹ್ಯಾಂಡಲ್ ಎತ್ತರ 9 ಇಂಚಿನ ಸುತ್ತಮುತ್ತ ಬಹುಜನರಿಗೆ ಸರಿ, ಉದ್ದ ಇರುವವರು 9.5, 10 ನೋಡಲಿ. ಸ್ಟೆಮ್ ಹಿಡಿಯುವ ಜಾಗದ ಅಳತೆ 22.2 ಮಿ.ಮೀ., ಕೆಲವು ಹ್ಯಾಂಡಲ್‌ಗಳು 25.4ರಲ್ಲೂ ಬರುತ್ತವೆ, ಸ್ಟೆಮ್ ಅದಕ್ಕೆ ತಕ್ಕದ್ದು ಬೇಕು. ಸ್ಟೆಮ್ಮಿನ ನಾಲ್ಕು ಬೋಲ್ಟ್‌ಗಳನ್ನು ಅಡ್ಡಡ್ಡಕ್ಕೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಎರಡೂ ಕಡೆ ಸಂದಿ ಸಮ ಇರಲಿ. ಗ್ರಿಪ್ ಏರಿಸಲು ಎಣ್ಣೆ ಬೇಡವೇ ಬೇಡ, ಸ್ಯಾನಿಟೈಸರ್ ಹಾಕಿ ತಳ್ಳಿ, ಆರಿದ ಮೇಲೆ ಹಿಡಿದುಕೊಳ್ಳುತ್ತದೆ. ತುದಿಗೆ ಪ್ಲಾಸ್ಟಿಕ್ ಮುಚ್ಚಳ ಇಲ್ಲದೆ ಓಡಿಸಬೇಡಿ. ತೆರೆದ ಕೊಳವೆ ಹೊಟ್ಟೆಗೋ ತೊಡೆಗೋ ಚುಚ್ಚಿದರೆ ದುಂಡಗೆ ಕೊರೆಯುತ್ತದೆ.

ಬ್ರೇಕ್ ಬಗ್ಗೆ ಹುಡುಗರಿಗೆ ಬೇಜಾರಾಗುವ ಮಾತು: ಮೊದಲ ವರ್ಷ ಹಿಂದಿನ ಯು-ಬ್ರೇಕ್ ಇರಲಿ. ವಿಡಿಯೋದಲ್ಲಿ ಎಲ್ಲರೂ ಬ್ರೇಕ್ ಇಲ್ಲದೆ, ಶೂ ಗಾಲಿಗೆ ಒತ್ತಿ ನಿಲ್ಲಿಸುತ್ತಾರೆ, ನಿಜ. ಅವರ ಎದುರಿಗೆ ಜಗತ್ ಸರ್ಕಲ್ ಇಲ್ಲ, ಅಡ್ಡ ಬರುವ ಆಟೋ ಇಲ್ಲ, ನಡುರಸ್ತೆಯಲ್ಲಿ ಮಲಗಿದ ದನ ಇಲ್ಲ.

ಪೆಗ್ ಮತ್ತು ಶಹಾಬಾದ್ ಕಲ್ಲು

ಪೆಗ್ ಅಂದರೆ ಆಕ್ಸಲ್ ತುದಿಗೆ ಹಾಕುವ ಕೊಳವೆ, ಇದರ ಮೇಲೆ ಕಟ್ಟೆ, ರೇಲಿಂಗ್ ಉದ್ದಕ್ಕೂ ಜಾರುವುದು. ತೂತು 14 ಮಿ.ಮೀ. ಇರುತ್ತದೆ, ಮುಂದಿನ ಆಕ್ಸಲ್ 3/8 ಇಂಚು ಇರುವುದರಿಂದ ಅಡಾಪ್ಟರ್ ಉಂಗುರ ಬೇಕು. ಮೊದಲಿಗೆ ಒಂದೇ ಬದಿಗೆ ಎರಡು ಸಾಕು, ತೂಕವೂ ಕಡಿಮೆ, ದುಡ್ಡೂ. ಪೂರ್ತಿ ಉಕ್ಕಿನ ಪೆಗ್ ಕಬ್ಬಿಣದ ರೇಲಿಂಗ್ ಮೇಲೆ ಚೆನ್ನಾಗಿ ಹೋಗುತ್ತದೆ, ಒರಟು ಸಿಮೆಂಟ್ ಮೇಲೆ ಕಚ್ಚಿಕೊಂಡು ನಿಂತುಬಿಡುತ್ತದೆ. ಪ್ಲಾಸ್ಟಿಕ್ ತೋಳು ಹಾಕಿದ್ದು ಎರಡರ ಮೇಲೂ ಜಾರುತ್ತದೆ.

ನಮ್ಮ ಕಡೆಯ ವಿಶೇಷ ಶಹಾಬಾದ್ ಕಲ್ಲು. ಅಂಗಳ, ಕಟ್ಟೆ, ಮೆಟ್ಟಿಲು, ಫುಟ್‌ಪಾತ್ ಎಲ್ಲದಕ್ಕೂ ಅದೇ ಬೂದು ಬಣ್ಣದ ಚಪ್ಪಡಿ. ಪಾಲಿಶ್ ಮಾಡಿದ ಅಂಚು ಸಿಕ್ಕರೆ ಪ್ಲಾಸ್ಟಿಕ್ ಪೆಗ್ ಬೆಣ್ಣೆ ಮೇಲೆ ಜಾರಿದಂತೆ ಹೋಗುತ್ತದೆ. ಪಾಲಿಶ್ ಇಲ್ಲದ, ಉಳಿಯಲ್ಲಿ ಒಡೆದ ಅಂಚು ಮಾತ್ರ ಪ್ಲಾಸ್ಟಿಕ್ಕನ್ನು ಎಳೆ ಎಳೆಯಾಗಿ ಕೆರೆದು ಹಾಕುತ್ತದೆ. ಕೆಲವು ಕಟ್ಟೆಗಳಲ್ಲಿ ಮೇಲಿನ ಚಪ್ಪಡಿಯ ಕೆಳಗೆ ಗಾರೆ ಹಾರಿಹೋಗಿ ಟೊಳ್ಳಾಗಿರುತ್ತದೆ, ನೀವು ಇಳಿದ ಏಟಿಗೆ ಕಲ್ಲು ಮುರಿಯುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಡಬ್ ಅಂದರೆ ಟೊಳ್ಳು. ಮಳೆ ಬಿದ್ದ ದಿನ ಈ ಕಲ್ಲಿನ ತಂಟೆಗೇ ಹೋಗಬೇಡಿ, ಟೈರ್ ಹಿಡಿಯುವುದಿಲ್ಲ.

ಜಾಗ ಎಲ್ಲಿ ಅಂತ ಕೇಳಿದರೆ, ರಿಂಗ್ ರೋಡ್ ಆಚೆ ರಸ್ತೆ, ಚರಂಡಿ, ಫುಟ್‌ಪಾತ್ ಎಲ್ಲ ಮುಗಿದು ಮನೆ ಏಳದೆ ಬಿದ್ದಿರುವ ಲೇಔಟ್‌ಗಳು. ಬೆಳಿಗ್ಗೆ ಆರರಿಂದ ಎಂಟು, ಬೇಸಿಗೆಯಲ್ಲಿ ಅದಕ್ಕಿಂತ ಮೇಲೆ ಆಗುವುದಿಲ್ಲ. ಕೋಟೆಯೊಳಗೆ, 1367ರ ಜಾಮಿ ಮಸೀದಿಯ ಹತ್ತಿರ, ಬೀದರಿನವರು ಮಹಮೂದ್ ಗವಾನ್ ಮದರಸಾದ ಕಟ್ಟೆಗಳ ಹತ್ತಿರ ಪೆಗ್ ತಗೊಂಡು ಹೋಗಲೇಬೇಡಿ. ಅವು ಸಂರಕ್ಷಿತ ಸ್ಮಾರಕ, ಕೇಸ್ ಬೀಳುತ್ತದೆ, ಬೀಳಬೇಕು ಕೂಡ. ಗುಡಿ, ದರ್ಗಾ ಮೆಟ್ಟಿಲೂ ಬೇಡ. ಪೆಗ್ ಜಾರಲಿ ಅಂತ ಯಾರದಾದರೂ ಅಂಗಡಿ ಕಟ್ಟೆಗೆ ಮೇಣದ ಬತ್ತಿ ಉಜ್ಜುವ ಮೊದಲು ಅವರನ್ನು ಕೇಳಿ.

ಬಣ್ಣ, ಆಮೇಲೆ ಮೊದಲ ಓಟ

ಅಲ್ಮೇರಾ, ಗ್ರಿಲ್‌ಗೆ ಪೌಡರ್ ಕೋಟಿಂಗ್ ಮಾಡುವವರು ಫ್ರೇಮಿಗೂ ಮಾಡಿಕೊಡುತ್ತಾರೆ. ಹೆಡ್ ಟ್ಯೂಬ್ ಒಳಗೆ, ಬಿಬಿ ಒಳಗೆ, ಸೀಟ್ ಟ್ಯೂಬ್ ಒಳಗೆ ಶಾಖ ತಡೆಯುವ ಟೇಪ್ ಹಚ್ಚಿಸಿ, ಬ್ರೇಕ್ ಥ್ರೆಡ್‌ಗಳಿಗೆ ಹಳೆ ಬೋಲ್ಟ್ ತಿರುಗಿಸಿ ಕೊಡಿ. ಅಲ್ಲಿ ಪುಡಿ ಕೂತು ಗಟ್ಟಿಯಾದರೆ ಬೇರಿಂಗ್ ಒಳಗೆ ಹೋಗುವುದಿಲ್ಲ, ಆಮೇಲೆ ಪಾಲಿಶ್ ಕಾಗದ ಹಿಡಿದು ಕೂರಬೇಕು. ಕಪ್ಪು ಬಣ್ಣ ಬೇಡ ಅನ್ನುವುದು ನನ್ನ ಅಭಿಪ್ರಾಯ, ನಮ್ಮ ಬಿಸಿಲಿಗೆ ಹತ್ತು ನಿಮಿಷ ನಿಲ್ಲಿಸಿದರೆ ಮುಟ್ಟಲಾಗುವುದಿಲ್ಲ.

ಜೋಡಣೆ ಮುಗಿದ ಮೇಲೆ ಪೆಡಲ್ ಹಾಕುವಾಗ ಎಡಗಡೆಯದು ಉಲ್ಟಾ ಥ್ರೆಡ್ ಅನ್ನುವುದು ನೆನಪಿರಲಿ, ಬಲವಂತ ಮಾಡಿದರೆ ಕ್ರ್ಯಾಂಕ್ ತೋಳೇ ಹಾಳು. ಸೀಟು ತೀರಾ ತಗ್ಗಿಸುವ ಮೊದಲು ಟೈರ್ ತಾಗುತ್ತಾ ನೋಡಿ. ಅಲೆನ್ ಕೀ 5, 6, 8, ಪೆಡಲ್‌ಗೆ 15ರ ಪಾನಾ, ಹಿಂದಿನ ಆಕ್ಸಲ್ ನಟ್‌ಗೆ 17 ಅಥವಾ 19ರ ಸಾಕೆಟ್ ಬ್ಯಾಗಿನಲ್ಲಿ ಇಟ್ಟುಕೊಂಡು ಹೊರಡಿ. ಪೆಗ್ ಒಳಗಿನ ನಟ್‌ಗೆ ಉದ್ದದ ಎಕ್ಸ್‌ಟೆನ್ಶನ್ ಬೇಕು, ಸಾದಾ ಪಾನಾ ಒಳಗೆ ಹೋಗುವುದಿಲ್ಲ.

ಮೊದಲ ದಿನ ಗ್ರೈಂಡ್ ಬೇಡ. ಸಪಾಟು ರಸ್ತೆಯಲ್ಲಿ ಒಂದು ಗಂಟೆ ಓಡಿಸಿ, ಚಿಕ್ಕ ಚಿಕ್ಕ ಜಿಗಿತ ಹಾಕಿ, ನಿಲ್ಲಿಸಿ, ಕ್ರ್ಯಾಂಕ್ ಬೋಲ್ಟ್ ಮತ್ತೆ ಬಿಗಿ ಮಾಡಿ. ಅದು ಕಾಲು ಸುತ್ತಾದರೂ ತಿರುಗೇ ತಿರುಗುತ್ತದೆ, ಸ್ಪಿಂಡಲ್ ಮೇಲೆ ತೋಳು ಕೂರುವುದೇ ಹಾಗೆ. ಸ್ಟೆಮ್, ಆಕ್ಸಲ್ ನಟ್ ಕೂಡ ನೋಡಿ. ಒಂದು ವಾರದ ನಂತರ ಗಾಲಿಯ ಔಟ್ ಇನ್ನೊಮ್ಮೆ ತೆಗೆಯಿರಿ, ಹೊಸ ಕಡ್ಡಿಗಳು ಎಳೆದುಕೊಂಡಿರುತ್ತವೆ. ಹೆಲ್ಮೆಟ್ ಹಾಕಿಕೊಳ್ಳಿ, ಮೊಣಕಾಲಿಗೆ ಪ್ಯಾಡ್ ಕಟ್ಟಿ. ಶಹಾಬಾದ್ ಕಲ್ಲಿಗೆ ಮೊಣಕಾಲು ತಾಗಿದರೆ ಮೆಟ್ಟಿಲು ಇಳಿಯುವಾಗ ಹದಿನೈದು ದಿನ ನೆನಪಿಸುತ್ತದೆ.